ಎರಡಕ್ಕೆ ಮೂರು ಕೂಡು

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಯ ಮೇಲೆ ಕೂತುಬಿಡುತ್ತವೆ. ಮಾತುಗಳೂ ನೆಟ್ಟಗೆ ಬರುವುದಿಲ್ಲ. ಒಂದೊಂದು ವಾಕ್ಯವನ್ನೂ ಬೇರೆ ಹಾಳೆಯಲ್ಲಿ ಬರೆದು, ಓದಿ, ತಿದ್ದಿ, ಆಮೇಲೆ ಇಲ್ಲಿಗೆ ಇಳಿಸಿದ್ದೇನೆ. ಆದರೂ ತಪ್ಪುಗಳು ಉಳಿದಿರುತ್ತವೆ. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಲೈಬ್ರರಿಯಲ್ಲಿ, ನಿಮ್ಮ ಸುತ್ತಮುತ್ತಲಿನ ಒಬ್ಬರ ಬಗ್ಗೆ ಬರೆದುಕೊಡಿ, ಎಲ್ಲವನ್ನೂ ಸೇರಿಸಿ ಹೊಲಿದು ಓದಲು ಇಡುತ್ತೇವೆ ಎಂದರು. ದೊಡ್ಡ ಮನುಷ್ಯರೇ ಆಗಬೇಕೆಂದಿಲ್ಲ ಎಂದೂ ಹೇಳಿದರು. ಅದಕ್ಕೇ ನಾನು ತನುಜಕ್ಕನ ಬಗ್ಗೆ ಬರೆಯುತ್ತಿದ್ದೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. “ಬರ್ಕೋ ಕಣೇ ಪವಿ, ಆದ್ರೆ ಫಿಸಿಕ್ಸಲ್ಲಿ ಎಷ್ಟು ತಗೊಂಡೆ ಅಂತ ಮಾತ್ರ ಹಾಕ್ಬೇಡ” ಎಂದಳು. ಹಾಕಿಲ್ಲ.

ತನುಜಕ್ಕ ನಮ್ಮ ದೊಡ್ಡಪ್ಪನ ಮಗಳು. ನಮ್ಮದು ಚಿಂತಾಮಣಿ ತಾಲ್ಲೂಕು, ಕೆಂಚಾರ್ಲಹಳ್ಳಿಯಿಂದ ಒಳಗೆ ಹೋಗುವ ರಸ್ತೆಯ ಮೇಲಿನ ಊರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೆ ಇಲ್ಲಿ ನಮಗೆ ಸೀನು ಬರುತ್ತದೆ. ದೊಡ್ಡಪ್ಪ ನರಸಿಂಹಮೂರ್ತಿ ಸರ್ಕಾರಿ ಬಸ್ಸಿನ ಕಂಡಕ್ಟರ್. ಚಿಂತಾಮಣಿಯಿಂದ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ ಗೌರಿಬಿದನೂರಿನವರೆಗೆ ಹೋಗಿ ಬರುತ್ತಾರೆ. ದೊಡ್ಡಮ್ಮ ಮುನಿಶಾಮಪ್ಪನವರ ಹಿಪ್ಪುನೇರಳೆ ತೋಟಕ್ಕೆ ಸೊಪ್ಪು ಕೊಯ್ಯಲು ಹೋಗುತ್ತಾರೆ. ಅಜ್ಜಿ ಗಂಗುಲಮ್ಮ ಅವರ ಮನೆಯಲ್ಲೇ ಇದ್ದಾಳೆ. ಅಜ್ಜಿಗೆ ತೆಲುಗು ಬಿಟ್ಟರೆ ಬೇರೆ ಮಾತು ನಾಲಿಗೆಗೆ ಹತ್ತುವುದಿಲ್ಲ. ನಾವೆಲ್ಲ ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಬೀದಿಯಲ್ಲಿ ಎರಡೂ. ಎಲ್ಲಿ ದಾಟಿದೆವು ಎಂದು ನಮಗೇ ತಿಳಿಯುವುದಿಲ್ಲ. ಓದುವವರಿಗೆ ಸುಲಭವಾಗಲೆಂದು ಮನೆಯ ಮಾತುಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಬೇಕೇ ಬೇಕಾದ ಕಡೆ ಮಾತ್ರ ತೆಲುಗನ್ನು ಹಾಗೆಯೇ ಬಿಟ್ಟಿದ್ದೇನೆ.

ತನುಜಕ್ಕ ಚಿಕ್ಕಂದಿನಿಂದ ಪ್ರಶ್ನೆ ಕೇಳುವವಳು. ಕರೆಂಟು ಮೀಟರ್ ನೋಡಲು ಬಂದವರನ್ನೂ ಬಿಡುತ್ತಿರಲಿಲ್ಲ. ಒಂದು ಸಲ ಬುದ್ಧ ಪೂರ್ಣಿಮೆಗೆ ನಮ್ಮ ಕಾಲೋನಿಗೆ ಚಿಕ್ಕಬಳ್ಳಾಪುರದಿಂದ ಒಬ್ಬರು ಭಾಷಣ ಮಾಡಲು ಬಂದಿದ್ದರು. ಎಲ್ಲ ಮುಗಿದ ಮೇಲೆ ಏನಾದರೂ ಕೇಳುವುದಿದ್ದರೆ ಕೇಳಿ ಎಂದರು. ತನುಜಕ್ಕ ಎದ್ದು ನಿಂತು, “ಬುದ್ಧನಿಗೆ ಒಂದನೇ ಕ್ಲಾಸಲ್ಲಿ ಪಾಠ ಹೇಳಿದ್ದು ಯಾರು ಸಾರ್?” ಎಂದು ಕೇಳಿದಳು. ಎಲ್ಲರೂ ನಕ್ಕರು. ಅವರೂ ನಕ್ಕು, ಒಳ್ಳೆಯ ಪ್ರಶ್ನೆ ಎಂದು ಹೇಳಿ ನೀರು ಕುಡಿದು ಹೊರಟುಹೋದರು. ಉತ್ತರ ಸಿಗಲಿಲ್ಲ ಎಂದು ಅವಳು ಆ ದಿನವೆಲ್ಲ ಗೊಣಗಿದಳು.

ನಾನು ಹಾಗಲ್ಲ. ನಾನು ಒಂಬತ್ತನೇ ಕ್ಲಾಸಿನಲ್ಲಿ ಸ್ಕೂಲು ಬಿಟ್ಟವಳು. ಯಾರೂ ಬಿಡಿಸಲಿಲ್ಲ. ಎದ್ದು ನಿಂತು ಉತ್ತರ ಹೇಳು ಎಂದರೆ ಗಂಟಲು ಕಟ್ಟುತ್ತಿತ್ತು. ಕಟ್ಟುತ್ತದೆಂದು ಒಂದು ದಿನ ಹೋಗಲಿಲ್ಲ, ಹೋಗಲಿಲ್ಲವೆಂದು ಇನ್ನೊಂದು ದಿನ ಹೋಗಲು ನಾಚಿಕೆಯಾಯಿತು, ಹಾಗೇ ನಿಂತುಹೋಯಿತು. ಈಗ ಅಮ್ಮನ ಜೊತೆ ಊರಿನ ಸ್ಕೂಲಿಗೆ ಹೋಗುತ್ತೇನೆ, ಓದುವುದಕ್ಕಲ್ಲ. ಅಮ್ಮ ಅಲ್ಲಿ ಬಿಸಿಯೂಟದ ಅಡುಗೆಯವಳು. ನಾನು ತರಕಾರಿ ಹೆಚ್ಚಿಕೊಡುತ್ತೇನೆ, ತಟ್ಟೆ ತೊಳೆಯುತ್ತೇನೆ. ಆದ್ದರಿಂದಲೇ ಈ ಕತೆಯಲ್ಲಿ ಸ್ಕೂಲಿನಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡು ಬರೆಯುತ್ತಿದ್ದೇನೆ.

ತನುಜಕ್ಕ ಈ ವರ್ಷ ಪಿಯುಸಿ ಪಾಸಾದಳು. ಸೈನ್ಸ್ ತೆಗೆದುಕೊಂಡಿದ್ದಳು. ದೊಡ್ಡಪ್ಪನ ಮನೆಯ ಹಾಲಿನಲ್ಲಿ ಬಾಬಾಸಾಹೇಬರ ಫೋಟೋ ಇದೆ. ಅದರ ಕೆಳಗೆ ಅವರ ಡಿಗ್ರಿಗಳನ್ನೆಲ್ಲ ಅಚ್ಚು ಹಾಕಿಸಿದ್ದಾರೆ. ದೊಡ್ಡಪ್ಪ ಅವುಗಳನ್ನು ಬಸ್ಸಿನ ಸ್ಟಾಪುಗಳ ಹೆಸರು ಕೂಗುವಂತೆ ಒಂದೇ ಉಸಿರಿನಲ್ಲಿ ಹೇಳಬಲ್ಲರು. ನಮ್ಮ ಮನೆತನದಲ್ಲಿ ಇದುವರೆಗೆ ಡಿಗ್ರಿ ಎಂದು ಇರುವುದು ಒಬ್ಬರಿಗೇ, ದೊಡ್ಡಪ್ಪನ ತಂಗಿ ರೂಪತ್ತೆಗೆ. ಅದೂ ಮದುವೆಯಾದ ಮೇಲೆ ಗಂಡನ ಮನೆಯವರು ಓದಿಸಿದ್ದು. ದೊಡ್ಡಪ್ಪನಿಗೆ ಅದು ಒಂದು ಕೊರಗು. “ನಮ್ಮ ಮನೆ ಬಾಗಿಲಿಂದ ಒಂದು ಡಿಗ್ರಿ ಹೋಗ್ಬೇಕಮ್ಮ ತನು” ಎನ್ನುತ್ತಿದ್ದರು.

ತನುಜಕ್ಕ ಟೀಚರ್ ಆಗುತ್ತೇನೆ ಎಂದು ಮೊದಲಿನಿಂದ ಹೇಳುತ್ತಿದ್ದಳು. ಯಾವ ಕ್ಲಾಸಿಗೆ ಎಂದು ಯಾರೂ ಕೇಳಿರಲಿಲ್ಲ. ಟೀಚರ್ ಎಂದರೆ ಬಿ.ಎಡ್ ಎಂದು ನಮ್ಮ ಕಡೆ ಎಲ್ಲರೂ ತಿಳಿದಿದ್ದಾರೆ. ಹಾಗಾಗಿ ಚಿಂತಾಮಣಿಯಲ್ಲಿ ಬಿ.ಎಸ್ಸಿ, ಆಮೇಲೆ ಬಿ.ಎಡ್, ಆಮೇಲೆ ಹೈಸ್ಕೂಲು ಎಂದು ದೊಡ್ಡಪ್ಪ ದಾರಿ ಹಾಕಿದ್ದರು. ಬಿ.ಎಸ್ಸಿ ಸೀಟೂ ಸಿಕ್ಕಿತು. ಕಾಲೇಜು ಶುರುವಾಗಲು ಇನ್ನೂ ಸಮಯವಿತ್ತು.

ಅಷ್ಟರಲ್ಲಿ ನಮ್ಮೂರ ಸ್ಕೂಲಿನಲ್ಲಿ ಚಿಕ್ಕ ಮಕ್ಕಳ ಟೀಚರ್ ಹೆರಿಗೆ ರಜೆ ಹಾಕಿದರು. ಹೆಡ್‌ಮಾಸ್ಟರ್ ಚೆನ್ನರಾಯಪ್ಪನವರು ಸಾಯಂಕಾಲ ದೊಡ್ಡಪ್ಪನ ಮನೆಗೆ ಬಂದರು. ಅವರು ಟಿ.ಸಿ.ಎಚ್ ಎಂಬ ಹಳೆಯ ಟೀಚರ್ ಟ್ರೈನಿಂಗ್ ಕಾಲದವರು, ನಿವೃತ್ತಿ ಹತ್ತಿರ ಬಂದಿದೆ.

“ಮೂರ್ತಿ, ಬದಲಿಯವರು ಬರೋ ತನಕ ನಿನ್ನ ಮಗಳನ್ನ ನಲಿ-ಕಲಿ ರೂಮಲ್ಲಿ ಕೂರಿಸ್ತೀನಪ್ಪ. ಪಾಠ ಏನೂ ಬೇಡ. ಮಕ್ಕಳು ರೋಡಿಗೆ ಓಡದ ಹಾಗೆ ನೋಡ್ಕೊಂಡ್ರೆ ಸಾಕು.”

“ಕಾಲೇಜು ತೆಗೆಯೋ ತನಕ ಕೂತ್ಕೊಳ್ಳಲಿ ಬಿಡಿ ಸಾರ್” ಎಂದರು ದೊಡ್ಡಪ್ಪ.

ನಲಿ-ಕಲಿ ರೂಮಿನಲ್ಲಿ ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೆ ಕೂರುತ್ತಾರೆ. ಆ ರೂಮಿನ ಕಿಟಕಿ ನಮ್ಮ ಅಡುಗೆ ಕೋಣೆಯ ಕಡೆಗಿದೆ. ನಾನು ಹುರುಳಿಕಾಯಿ ಮುರಿಯುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳಬಹುದು. ಮೊದಲೆರಡು ದಿನ ತನುಜಕ್ಕ ಮಕ್ಕಳನ್ನು ಹಿಡಿದು ಹಿಡಿದು ಒಳಗೆ ತರುವುದರಲ್ಲೇ ಸುಸ್ತಾದಳು. “ಏಳು” ಎಂದು ಅಂಕಿ ಹೇಳಿಕೊಟ್ಟರೆ ಎಲ್ಲರೂ ಎದ್ದು ನಿಂತರು. ಕೂತ್ಕೊಳ್ಳಿ ಎಂದರೆ, ನೀವೇ ಏಳು ಅಂದ್ರಲ್ಲ ಮಿಸ್ ಎಂದರು. ಅಮ್ಮ ಸೌಟು ಹಿಡಿದುಕೊಂಡೇ ನಕ್ಕಳು.

ಆಮೇಲೆ ಒಂದು ದಿನ ಹೀಗಾಯಿತು. ಸಾಂಬಾರು ಕುದಿಯುತ್ತಿತ್ತು. ತನುಜಕ್ಕ ಒಂದನೇ ಕ್ಲಾಸಿನ ಮಕ್ಕಳ ಮುಂದೆ ಹುಣಸೆಬೀಜ ಇಟ್ಟುಕೊಂಡು ಲೆಕ್ಕ ಹೇಳಿಕೊಡುತ್ತಿದ್ದಳು. ಚಿಕ್ಕವೆಂಕಟಮ್ಮನವರ ಮೊಮ್ಮಗಳು ಹರಿತಾ ಮುಂದೆಯೇ ಕೂತಿದ್ದಳು. ತುಂಬಾ ಚುರುಕಾದ ಹುಡುಗಿ.

“ಹರಿತಾ, ಇಲ್ಲಿ ಎಷ್ಟಿದೆಯಮ್ಮ?”

“ಎರಡು ಮಿಸ್.”

“ಇಲ್ಲಿ?”

“ಮೂರು ಮಿಸ್.”

“ಜಾಣೆ. ಈಗ ಎರಡಕ್ಕೆ ಮೂರು ಕೂಡು.”

ಹರಿತಾ ತನುಜಕ್ಕನ ಮುಖ ನೋಡಿದಳು. ತನುಜಕ್ಕ ಇನ್ನೊಂದು ಸಲ ಕೇಳಿದಳು. “ಕೂಡು ಹರಿತಾ, ಕೂಡು.”

“ಪೊದ್ದುನ್ನೇ ತಿನ್ನಾನು ಮಿಸ್” ಎಂದಳು ಹರಿತಾ. ಬೆಳಿಗ್ಗೆಯೇ ತಿಂದೆ ಎಂದು.

ಪಕ್ಕದವನೂ ಕೈ ಎತ್ತಿ, ನಾನೂ ತಿನ್ನಾನು ಎಂದ. ಇನ್ನೊಬ್ಬಳು ನಾನು ತಿಂದಿಲ್ಲ ಎಂದಳು. ತನುಜಕ್ಕ ಗಾಬರಿಯಾದಳು. ಬೀಜ ತಿಂದ್ರಾ ಎಂದು ಎಲ್ಲರ ಬಾಯಿ ತೆಗೆಸಿ ನೋಡಿದಳು. ಬೀಜ ಎಲ್ಲವೂ ನೆಲದ ಮೇಲೆಯೇ ಇದ್ದವು. ಆ ದಿನ ಲೆಕ್ಕ ಅಲ್ಲಿಗೇ ನಿಂತಿತು.

ಮಧ್ಯಾಹ್ನ ತಟ್ಟೆ ತೊಳೆಯುವಾಗ ಅವಳು ನನ್ನ ಹತ್ತಿರ ಬಂದು ನಿಂತಳು. “ಪವಿ, ಆ ಮಗುಗೆ ಎಣಿಸೋಕೆ ಬರುತ್ತೆ. ಎರಡೂ ಗೊತ್ತು, ಮೂರೂ ಗೊತ್ತು. ಸೇರಿಸೋದು ಎಲ್ಲಿ ತಪ್ಪೋಗುತ್ತೆ? ನಾವು ಒಂದನೇ ಕ್ಲಾಸಲ್ಲಿ ಹೇಗೆ ಕಲಿತ್ವಿ? ನಿನಗೇನಾದ್ರೂ ನೆನಪಿದೆಯಾ?”

ನನಗೆ ನೆನಪಿರಲಿಲ್ಲ. ಕೂಡುವುದು ಗೊತ್ತಿಲ್ಲದ ಕಾಲ ಒಂದಿತ್ತು ಎಂದೇ ನನಗೆ ಆವರೆಗೆ ಹೊಳೆದಿರಲಿಲ್ಲ. ನಾನೂ ಯೋಚಿಸುತ್ತಾ ಕೂತೆ.

ಸಾಯಂಕಾಲ ನಾನು ಅವರ ಮನೆಯ ಜಗಲಿಯಲ್ಲಿದ್ದೆ. ತನುಜಕ್ಕ ಕಾಲು ತೊಳೆದು ಒಳಗೆ ಬಂದಳು. ಅಜ್ಜಿ ಗೋಡೆಗೆ ಒರಗಿಕೊಂಡು ಎಲೆ ಅಡಿಕೆ ಕುಟ್ಟುತ್ತಿದ್ದಳು. ತಲೆ ಎತ್ತದೆ, ದಿನಾ ಕೇಳುವಂತೆ ಕೇಳಿದಳು.

“ಕೂಡು ತಿನ್ನಾವಾ ಅಮ್ಮಾ?”

ಊಟ ಮಾಡಿದೆಯಾ ಎಂದು. ತನುಜಕ್ಕ ಹೂಂ ಎಂದು ಎರಡು ಹೆಜ್ಜೆ ಮುಂದೆ ಹೋದವಳು ಅಲ್ಲೇ ನಿಂತಳು. ತಿರುಗಿ ಬಂದು ಅಜ್ಜಿಯ ಎದುರು ಕೂತಳು.

“ಅವ್ವಾ, ಇನ್ನೊಂದ್ಸಲ ಹೇಳು.”

“ಏನು? ಕೂಡು ತಿಂದ್ಯಾ ಅಂದೆ.”

“ಕೂಡು!” ಎಂದು ತನುಜಕ್ಕ ನೆಲಕ್ಕೆ ಕೈ ಬಡಿದು ನಗತೊಡಗಿದಳು. “ಪವೀ, ಕೂಡು ಕಣೇ! ಅನ್ನ! ನಾನು ಎರಡಕ್ಕೆ ಮೂರು ಅನ್ನ ಅಂತಿದೀನಿ ಆ ಮಗುಗೆ! ಪಕ್ಕದಲ್ಲಿ ಚಿಕ್ಕಮ್ಮನ ಸಾಂಬಾರು ಬೇರೆ ಕುದೀತಿದೆ!”

ನನಗೂ ಆಗಲೇ ಗೊತ್ತಾದದ್ದು. ನಾವಿಬ್ಬರೂ ಆ ಮಾತನ್ನು ಹುಟ್ಟಿದಾಗಿನಿಂದ ಕೇಳುತ್ತಿದ್ದೇವೆ. ಸ್ಕೂಲಿನ ಹೊಸ್ತಿಲು ದಾಟಿದ ಕೂಡಲೇ ನಮ್ಮ ಕಿವಿ ಕನ್ನಡಕ್ಕೆ ತಿರುಗಿಬಿಡುತ್ತದೆ, ಮನೆಯ ಮಾತು ಕೇಳಿಸುವುದೇ ಇಲ್ಲ. ಹರಿತಾಳ ಕಿವಿ ಇನ್ನೂ ತಿರುಗಿರಲಿಲ್ಲ. ಅಜ್ಜಿ ಮಾತ್ರ, “ಇವರಿಗೆ ಏನಾಯ್ತು, ಅನ್ನ ಅಂದ್ರೆ ನಗ್ತಾರೆ” ಎಂದು ದೊಡ್ಡಮ್ಮನಿಗೆ ಹೇಳಿದಳು.

ಮಾರನೆಯ ದಿನ ತನುಜಕ್ಕ ಹರಿತಾಳಿಗೆ ಕೂಡು ಎನ್ನದೆ, ಎರಡೂ ಗುಂಪನ್ನು ಒಂದೇ ಕಡೆ ಗುಡ್ಡೆ ಮಾಡು ಎಂದಳು. ಹರಿತಾ ಗುಡ್ಡೆ ಮಾಡಿ, ಎಣಿಸಿ, ಐದು ಎಂದಳು. ಆಮೇಲೆ ತನುಜಕ್ಕ, “ಹೀಗೆ ಗುಡ್ಡೆ ಮಾಡೋದಕ್ಕೆ ಸ್ಕೂಲಲ್ಲಿ ಕೂಡು ಅಂತಾರೆ. ಮನೆ ಕೂಡು ತಟ್ಟೇಲಿರುತ್ತೆ, ಸ್ಕೂಲ್ ಕೂಡು ಸ್ಲೇಟಲ್ಲಿರುತ್ತೆ” ಎಂದಳು. ಮಕ್ಕಳು ಅದನ್ನೇ ಹಾಡಿನಂತೆ ಹೇಳುತ್ತಾ ಊಟಕ್ಕೆ ಬಂದರು.

ಅಲ್ಲಿಂದ ಅವಳಿಗೆ ಹುಚ್ಚು ಹಿಡಿಯಿತು ಎಂದೇ ಹೇಳಬೇಕು. ಎಲ್ಲಿ ಹೋದರೂ ಅಂಥ ಮಾತುಗಳನ್ನು ಹುಡುಕುವಳು. ನಾಲ್ಕು ಪಾಲು ಮಾಡು ಎಂದರೆ ಮಕ್ಕಳಿಗೆ ಹಾಲು ನೆನಪಾಗಬಹುದು, ತೆಲುಗಿನಲ್ಲಿ ಹಾಲಿಗೆ ಪಾಲು ಎನ್ನುತ್ತಾರೆ. ಚಿನ್ನದ ಬಳೆ ಬರೆಯಿರಿ ಎಂದರೆ ಚಿಕ್ಕ ಬಳೆ ಬರೆದುಕೊಟ್ಟರು, ತೆಲುಗಿನಲ್ಲಿ ಚಿನ್ನ ಎಂದರೆ ಚಿಕ್ಕದು. ಇದನ್ನೆಲ್ಲ ಚೆನ್ನರಾಯಪ್ಪ ಮೇಷ್ಟ್ರಿಗೆ ಹೇಳಿದಾಗ ಅವರು ಬೀಡಾ ಬಾಯಿಯಲ್ಲೇ ನಕ್ಕರು.

“ಅಯ್ಯೋ ತನುಜಮ್ಮ, ತೆಲುಗಲ್ಲಿ ಸ್ಕೂಲಿಗೆ ಏನಂತಾರೆ?”

“ಬಡಿ ಅಂತಾರೆ ಸಾರ್.”

“ನನಗಿಂತ ಮುಂಚೆ ಇದ್ದ ಹೆಡ್‌ಮಾಸ್ಟರು ಮಂಡ್ಯ ಕಡೆಯವರು. ಬಂದ ದಿನವೇ ತಾಯಂದಿರೆಲ್ಲ ಮಕ್ಕಳನ್ನ ಮುಂದೆ ತಳ್ಳಿ ಬಡಿ, ಬಡಿ ಅಂದ್ರಂತೆ. ಪಾಪ, ಅವರು ಹೇಳಿದ್ದನ್ನ ಹಾಗೇ ಪಾಲಿಸಿಬಿಟ್ರು!”

ನಗು ನಿಂತ ಮೇಲೆ ತನುಜಕ್ಕ ಕೇಳಿದಳು. “ಸಾರ್, ಮಗು ಹೇಗೆ ಕಲಿಯುತ್ತೆ, ಎಲ್ಲಿ ತಡವರಿಸುತ್ತೆ ಅಂತ ಯಾವ ಕಾಲೇಜಲ್ಲಿ ಹೇಳಿಕೊಡ್ತಾರೆ? ಬಿ.ಎಸ್ಸಿಲಿ ಇರುತ್ತಾ?”

“ಬಿ.ಎಸ್ಸಿಲಿ ಕಪ್ಪೆ ಕೊಯ್ಯೋದು ಇರುತ್ತೆ” ಎಂದರು ಮೇಷ್ಟ್ರು. “ನಮ್ಮ ಟಿ.ಸಿ.ಎಚ್‌ನಲ್ಲಿ ಸ್ವಲ್ಪ ಇತ್ತು. ಈಗ ಅದಕ್ಕೆ ಡಿ.ಎಲ್.ಎಡ್ ಅಂತಾರೆ. ಈಗಿನದ್ದು ನನಗೆ ಪೂರ್ತಿ ಗೊತ್ತಿಲ್ಲ ಕಣಮ್ಮ. ಗೊತ್ತಿಲ್ಲದ್ದನ್ನ ಹೇಳಬಾರದು. ವಿಚಾರಿಸು.”

ವಿಚಾರಿಸುವ ಕೆಲಸವನ್ನು ದೊಡ್ಡಪ್ಪನೇ ವಹಿಸಿಕೊಂಡರು. ಮಗಳ ತಲೆಯಿಂದ ಈ ವಿಷಯ ಬೇಗ ಇಳಿಯಲಿ ಎಂದು ಅವರ ಆಸೆ. ಅವರ ಬಸ್ಸಿನಲ್ಲಿ ದಿನಾ ಟೀಚರ್‌ಗಳು ಓಡಾಡುತ್ತಾರೆ. ಟಿಕೆಟ್ ಕೊಡುತ್ತಲೇ ಕೇಳುವುದು, ರಾತ್ರಿ ಊಟದ ಹೊತ್ತಿಗೆ ಬಂದು ಒಪ್ಪಿಸುವುದು. ದಿಬ್ಬೂರಹಳ್ಳಿ ಕಡೆಗೆ ಹೋಗಲು ಶಿಡ್ಲಘಟ್ಟದಲ್ಲಿ ಇಳಿಯುವ ಹೈಸ್ಕೂಲ್ ಮೇಷ್ಟ್ರು ಬಿ.ಎಡ್ಡೇ ಸರಿ ಎಂದರಂತೆ. ಚಿಕ್ಕಬಳ್ಳಾಪುರದಲ್ಲಿ ಹತ್ತುವ ಒಬ್ಬ ಮೇಡಂ ಚಿಕ್ಕ ಮಕ್ಕಳಿಗೆ ಡಿ.ಎಲ್.ಎಡ್ ಬೇಕು ಎಂದರಂತೆ. ಇನ್ನೊಬ್ಬರು ಅದನ್ನು ಮುಂದೆ ಮುಚ್ಚುತ್ತಾರಂತೆ ಎಂದರಂತೆ. ಮತ್ತೊಬ್ಬರು ನಿದ್ದೆ ಮಾಡುತ್ತಿದ್ದರಂತೆ.

“ಒಂದು ಬಸ್ಸಲ್ಲಿ ಇರೋ ಟೀಚರ್‌ಗಳೇ ಒಂದು ಮಾತು ಹೇಳಲ್ಲ” ಎಂದು ದೊಡ್ಡಪ್ಪ ಮುದ್ದೆ ಮುರಿದರು. “ನೋಡಮ್ಮ, ನನ್ನ ಬುದ್ಧಿಗೆ ತಿಳಿದಿದ್ದು ಇಷ್ಟು. ಬಿ.ಎಡ್ ದೊಡ್ಡ ಓದು. ದೊಡ್ಡದು ಓದಿದೋರು ಚಿಕ್ಕವರಿಗೆ ಹೇಳಿಕೊಡಬಹುದು. ಚಿಕ್ಕದು ಓದಿದೋರು ದೊಡ್ಡವರಿಗೆ ಹೇಳಿಕೊಡೋಕಾಗಲ್ಲ. ಹೌದೋ ಅಲ್ವೋ?”

“ಹಾಗಾದ್ರೆ ನಾನ್ಯಾಕೆ ಹರಿತಾಗೆ ಹೇಳಿಕೊಡೋಕಾಗಲಿಲ್ಲ ಅಪ್ಪ? ನಾನು ಒಂದನೇ ಕ್ಲಾಸಿಗಿಂತ ಎಷ್ಟು ದೊಡ್ಡದು ಓದಿದೀನಿ?”

ದೊಡ್ಡಪ್ಪ ಸಾರು ಹಾಕು ಎಂದು ದೊಡ್ಡಮ್ಮನ ಕಡೆ ತಿರುಗಿದರು.

ಕೊನೆಗೆ ರೂಪತ್ತೆಯನ್ನೇ ಕೇಳುವುದೆಂದಾಯಿತು. ರೂಪತ್ತೆ ಗೌರಿಬಿದನೂರಿನ ಆಚೆ ತೊಂಡೇಬಾವಿಯಲ್ಲಿದ್ದಾರೆ. ಬಿ.ಎ, ಬಿ.ಎಡ್ ಮಾಡಿಕೊಂಡು ಅಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಎರಡನೇ ಕ್ಲಾಸಿಗೆ ಪಾಠ ಮಾಡುತ್ತಾರೆ. ಭಾನುವಾರ ದೊಡ್ಡಪ್ಪನ ಬಸ್ಸಿನಲ್ಲೇ ಹೊರಟೆವು. ತನುಜಕ್ಕನಿಗೆ ಜೊತೆ ಬೇಕೆಂದು ನನ್ನನ್ನೂ ಕಳಿಸಿದರು. ನಾನು ಗೌರಿಬಿದನೂರು ನೋಡಿರಲಿಲ್ಲ. ಕಿಟಕಿ ಪಕ್ಕ ಕೂತು, ಚಿಕ್ಕಬಳ್ಳಾಪುರ ದಾಟಿದ ಮೇಲೆ ಬಂಡೆ ಗುಡ್ಡಗಳ ಪಕ್ಕ ದ್ರಾಕ್ಷಿ ಚಪ್ಪರಗಳನ್ನು ನೋಡಿದೆ. ನಮ್ಮೂರಿನ ಎರ್ರಪ್ಪ ತಾತ ಅದೇ ಬಸ್ಸಿನಲ್ಲಿ ನಮ್ಮ ಹಿಂದಿನ ಸೀಟಿನಲ್ಲಿದ್ದರು. ಅವರಿಗೆ ಊರಿನ ಸುದ್ದಿ ಎಲ್ಲವೂ ಬೇಕು.

“ಎಲ್ಲಿಗಮ್ಮ ತನುಜ?”

“ರೂಪತ್ತೆ ಮನೆಗೆ ತಾತ. ಒಂದನೇ ಕ್ಲಾಸಿಗೆ ಟೀಚರ್ ಆಗೋಕೆ ಏನು ಓದ್ಬೇಕು ಅಂತ ಕೇಳೋಕೆ.”

“ಒಂದನೇ ಕ್ಲಾಸಿಗಾ? ಯಾಕೆ, ನಿನಗೆ ಅ ಆ ಇ ಈ ಬರಲ್ವಾ? ನನ್ನ ಕೇಳಿದ್ರೆ ಇಲ್ಲೇ ಹೇಳಿಕೊಡ್ತಿದ್ದೆ, ತೊಂಡೇಬಾವಿಗೆ ಯಾಕೆ ಹೋಗ್ಬೇಕು?”

ಬಸ್ಸಿನಲ್ಲಿ ಕೆಲವರು ನಕ್ಕರು. ತನುಜಕ್ಕ ಹಿಂದಕ್ಕೆ ತಿರುಗಿ, “ಹಾಗಾದ್ರೆ ಹೇಳಿ ತಾತ. ಅ ಗೊತ್ತಿಲ್ಲದವರಿಗೆ ಅ ಹೇಗೆ ಹೇಳಿಕೊಡ್ತೀರಿ?” ಎಂದಳು.

“ಅ ಅಂದ್ರೆ ಅ. ಅದರಲ್ಲೇನಿದೆ?”

“ಅ ಅಂದ್ರೆ ಏನು ಅಂತ ಕೇಳಿದ್ರೆ?”

“ಅ ಅಂದ್ರೆ... ಅರಸ.”

“ಅರಸ ಅಂದ್ರೆ ಏನು ಅಂದ್ರೆ?”

“ಏಯ್ ನರಸಿಂಹಮೂರ್ತಿ, ನಿನ್ನ ಮಗಳನ್ನ ಮುಂದಿನ ಸ್ಟಾಪಲ್ಲಿ ಇಳಿಸಪ್ಪ!” ಎಂದರು ತಾತ. ಈ ಸಲ ಎಲ್ಲರೂ ನಕ್ಕರು. ದೊಡ್ಡಪ್ಪ ಮಾತ್ರ ನಗದೆ ಚಿಲ್ಲರೆ ಎಣಿಸುತ್ತಿದ್ದರು. ಮಗಳು ಹೈಸ್ಕೂಲ್ ಟೀಚರ್ ಆಗುತ್ತಾಳೆ ಎಂದು ಅವರು ಆ ಬಸ್ಸಿನಲ್ಲಿ ಬಹಳ ಜನಕ್ಕೆ ಹೇಳಿಬಿಟ್ಟಿದ್ದರು.

ಗೌರಿಬಿದನೂರಿನಲ್ಲಿ ದೊಡ್ಡಪ್ಪ ನಮ್ಮನ್ನು ತೊಂಡೇಬಾವಿ ಬಸ್ಸಿಗೆ ಹತ್ತಿಸಿದರು. ರೂಪತ್ತೆ ನಮಗೆ ಅವರೆಕಾಳು ಉಪ್ಪಿಟ್ಟು ಮಾಡಿ ಇಟ್ಟಿದ್ದರು. ತನುಜಕ್ಕ ತಟ್ಟೆ ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳಲು ಶುರುಮಾಡಿದಳು. ಅವರು ಹೇಳಿದ್ದನ್ನು ನಾನು ನನಗೆ ತಿಳಿದಷ್ಟು ಬರೆಯುತ್ತೇನೆ. ಓದುವವರು ಇದನ್ನೇ ನಂಬಿ ಕೂರದೆ ತಾವೂ ವಿಚಾರಿಸಬೇಕು.

“ಬಿ.ಎಡ್ ಮಾಡಿದೋರಿಗೆ ಸರ್ಕಾರದಲ್ಲಿ ಆರರಿಂದ ಮೇಲಿನ ಕ್ಲಾಸು” ಎಂದರು ರೂಪತ್ತೆ. “ಒಂದರಿಂದ ಐದಕ್ಕೆ ಬಿ.ಎಡ್ ಆಗಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಚಿಕ್ಕ ಮಕ್ಕಳಿಗೆ ಪಾಠ ಮಾಡೋದು ಬೇರೆ ವಿದ್ಯೆ ಅಂತ. ನನಗೆ ಅದು ಕೇಳಿ ಮೊದಲು ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದ್ರೆ ಸರಿ ಅನ್ನಿಸ್ತು ಕಣೇ. ಎರಡನೇ ಕ್ಲಾಸಿಗೆ ಹೋದ ಮೊದಲ ವರ್ಷ ನಾನು ದಿನಾ ಅಳ್ತಾ ಬರ್ತಿದ್ದೆ. ಬಿ.ಎಡ್‌ನಲ್ಲಿ ಹದಿಮೂರು ಹದಿನಾಲ್ಕು ವರ್ಷದವರಿಗೆ ಇತಿಹಾಸ ಹೇಳಿಕೊಡೋದು ಕಲಿಸಿದ್ರು. ಪೆನ್ಸಿಲ್ ಹಿಡಿಯೋಕೆ ಬಾರದ ಮಗುಗೆ ಏನು ಮಾಡ್ಬೇಕು ಅಂತ ಯಾರೂ ಹೇಳಿರಲಿಲ್ಲ.”

“ಹಾಗಾದ್ರೆ ಡಿ.ಎಲ್.ಎಡ್ಡಾ ಅತ್ತೆ?”

“ಅದೊಂದು ದಾರಿ. ಎರಡು ವರ್ಷ. ಆದ್ರೆ ಅದು ಡಿಗ್ರಿ ಅಲ್ಲ, ಅಣ್ಣ ಒಪ್ಪಲ್ಲ. ಇನ್ನೊಂದಿದೆ. ಪಿಯುಸಿ ಆದ ಮೇಲೆ ನಾಲ್ಕು ವರ್ಷದ ಡಿಗ್ರಿ. ಡಿಗ್ರಿ, ಬಿ.ಎಡ್ ಎರಡೂ ಒಂದರಲ್ಲೇ. ಅದರಲ್ಲೇ ಭಾಗ ಮಾಡಿದಾರೆ. ತೀರಾ ಚಿಕ್ಕ ಮಕ್ಕಳಿಗೆ ಒಂದು, ಮೂರರಿಂದ ಐದನೇ ಕ್ಲಾಸಿಗೆ ಒಂದು, ಅದರ ಮೇಲೆ ಬೇರೆ. ನಮಗೆ ಯಾವುದು ಬೇಕೋ ಅದು. ಎಲ್ಲಾ ಕಡೆ ಇಲ್ಲ. ಯಾವ ಕಾಲೇಜಲ್ಲಿ ಯಾವ ಭಾಗ ಇದೆ ನೋಡ್ಕೋಬೇಕು. ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ.”

ತನುಜಕ್ಕನ ಮುಖ ಅರಳಿತು. “ಯಾವಾಗ ಪರೀಕ್ಷೆ?”

“ಈ ವರ್ಷದ್ದು ಮುಗಿದೋಯ್ತಲ್ಲಮ್ಮ. ಇನ್ನು ಮುಂದಿನ ವರ್ಷಕ್ಕೆ.”

ಉಪ್ಪಿಟ್ಟು ತಣ್ಣಗಾಗಿತ್ತು. ತನುಜಕ್ಕ ಅದನ್ನು ತಿಂದು ಮುಗಿಸಿದಳು. ನನಗೆ ಅವಳ ಕಷ್ಟ ಅರ್ಥವಾಯಿತು. ಬಿ.ಎಸ್ಸಿಗೆ ಸೇರಿದರೆ ಅಪ್ಪನ ಡಿಗ್ರಿ ಬರುತ್ತದೆ, ಒಂದನೇ ಕ್ಲಾಸು ಹೋಗುತ್ತದೆ. ಡಿ.ಎಲ್.ಎಡ್ ಸೇರಿದರೆ ಒಂದನೇ ಕ್ಲಾಸು ಸಿಗಬಹುದು, ಡಿಗ್ರಿ ಹಿಂದೆ ಬೀಳುತ್ತದೆ. ಎರಡೂ ಬೇಕೆಂದರೆ ಕೈಯಲ್ಲಿರುವ ಸೀಟು ಬಿಟ್ಟು ಒಂದು ವರ್ಷ ಮನೆಯಲ್ಲಿ ಕೂರಬೇಕು. ಆ ಪರೀಕ್ಷೆಯಲ್ಲಿ ಆಗುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ನಮ್ಮ ಕಡೆ ಹುಡುಗಿ ಒಂದು ವರ್ಷ ಮನೆಯಲ್ಲಿ ಕೂತರೆ ಗಂಡು ಹುಡುಕುವವರು ತಾವಾಗಿಯೇ ಬರುತ್ತಾರೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನನ್ನು ಕೇಳಿದಳು. “ನೀನೇನಂತೀಯ ಪವಿ?”

ನನ್ನನ್ನು ಯಾರೂ ಹೀಗೆ ಕೇಳುವುದಿಲ್ಲ. ನಾನು ಯೋಚಿಸಿ, “ನೀನು ನಲಿ-ಕಲಿ ರೂಮಿಂದ ಬಂದಾಗ ಸುಸ್ತಾಗಿದ್ರೂ ಮಾತಾಡ್ತೀಯ. ಫಿಸಿಕ್ಸ್ ಟ್ಯೂಷನ್‌ನಿಂದ ಬಂದಾಗ ಮಲ್ಕೋತಿದ್ದೆ” ಎಂದೆ.

ಅವಳು ನಕ್ಕಳು.

ಅಂದು ಮನೆಗೆ ಬಂದ ಮೇಲೆ ಅವಳು ದೊಡ್ಡಪ್ಪನಿಗೆ ಎಲ್ಲವನ್ನೂ ಹೇಳಿ, ಬಿ.ಎಸ್ಸಿ ಸೀಟು ಬಿಡುತ್ತೇನೆ ಎಂದಳು. ನಡುವಿನ ಗೋಡೆ ತೆಳ್ಳಗಿದೆ, ನಮಗೆ ಕೇಳಿಸಿತು.

“ಸಿಕ್ಕಿದ್ದನ್ನ ಬಿಟ್ಟು ಸಿಗದಿರೋದನ್ನ ನೋಡ್ತೀಯಾ? ಆ ಪರೀಕ್ಷೆ ಆಗದಿದ್ರೆ?”

“ಡಿ.ಎಲ್.ಎಡ್ ಸೇರ್ಕೋತೀನಿ. ಅದಾದ ಮೇಲೆ ಡಿಗ್ರಿ ಕಟ್ತೀನಿ. ಡಿಗ್ರಿ ಬಿಡಲ್ಲ ಅಪ್ಪ, ನಿನ್ನಾಣೆ.”

“ಹೈಸ್ಕೂಲಲ್ಲಿ ಏನು ಕಡಿಮೆ ಇದೆ ಅಮ್ಮ? ಒಂದನೇ ಕ್ಲಾಸಲ್ಲಿ ಮೂಗು ಒರೆಸಬೇಕು, ಚಡ್ಡಿ ಹಾಕಬೇಕು. ನಮ್ಮವ್ವ ಬೇರೆಯವರ ಮಕ್ಕಳ ಮೂಗು ಒರೆಸಿ ಸಾಕಾಗಿದಾಳೆ. ನೀನೂ ಅದೇ ಮಾಡ್ತೀಯಾ, ಡಿಗ್ರಿ ಓದಿ?”

ಅಜ್ಜಿ ಚಿಕ್ಕವಯಸ್ಸಿನಲ್ಲಿ ದೊಡ್ಡ ಮನೆಗಳಲ್ಲಿ ಮಕ್ಕಳನ್ನು ಎತ್ತಿ ಆಡಿಸುವ ಕೆಲಸ ಮಾಡಿದವಳು. ಆ ಮನೆಗಳ ಒಳಗೆ ಅವಳಿಗೆ ಊಟ ಹಾಕುತ್ತಿರಲಿಲ್ಲ. ದೊಡ್ಡಪ್ಪನ ಸಿಟ್ಟು ಎಲ್ಲಿಂದ ಬಂತು ಎಂದು ಆ ದಿನ ನನಗೆ ತಿಳಿಯಿತು. ಅವರು ಆಮೇಲೆ ಕೆಲವು ದಿನ ಮಗಳ ಜೊತೆ ಮಾತಾಡಲಿಲ್ಲ. ಹೋಗ್ತೀನಿ, ಬರ್ತೀನಿ ಎಂದು ಗೋಡೆಗೆ ಹೇಳಿ ಹೋಗುತ್ತಿದ್ದರು.

ತಮ್ಮ ಡ್ಯೂಟಿಗೆ ವಾರದ ರಜೆ ಇದ್ದ ದಿನ ದೊಡ್ಡಪ್ಪ ಸ್ಕೂಲಿಗೆ ಬಂದರು. ಚೆನ್ನರಾಯಪ್ಪ ಮೇಷ್ಟ್ರನ್ನು ನೋಡಲು ಬಂದೆ ಎಂದರು. ಮೇಷ್ಟ್ರು ಚಿಂತಾಮಣಿಗೆ ಮೀಟಿಂಗಿಗೆ ಹೋಗಿದ್ದರು. ದೊಡ್ಡಪ್ಪ ವಾಪಸು ಹೋಗದೆ ನಮ್ಮ ಅಡುಗೆ ಕೋಣೆಯ ಮುಂದೆ ನಿಂತರು. ಅಲ್ಲಿಂದ ಕಿಟಕಿಯೊಳಗೆ ಕಾಣುತ್ತಿತ್ತು.

ತನುಜಕ್ಕ ಆ ದಿನ ಮಕ್ಕಳನ್ನು ಎರಡು ಸಾಲಾಗಿ ಕೂರಿಸಿ ಬಸ್ಸು ಮಾಡಿದ್ದಳು. ಹರಿತಾ ಕಂಡಕ್ಟರ್. ಕುತ್ತಿಗೆಗೆ ನೀರಿನ ಬಾಟಲಿ ನೇತುಹಾಕಿಕೊಂಡಿದ್ದಳು.

“ಕೆಂಚಾರ್ಲಹಳ್ಳೀಲಿ ಎಷ್ಟು ಜನ ಹತ್ತಿದ್ರು ಕಂಡಕ್ಟರ್?”

“ನಾಲ್ಕು ಮಿಸ್.”

“ಚಿಂತಾಮಣೀಲಿ ಮೂರು ಜನ ಹತ್ತಿದ್ರು. ಕೂಡು.”

ಹರಿತಾ ಸಾಲಿನ ನಡುವೆ ಓಡಾಡಿ ತಲೆ ಮುಟ್ಟಿ ಮುಟ್ಟಿ ಎಣಿಸಿದಳು. “ಎಂಟು!”

“ತಪ್ಪು” ಎಂದರು ದೊಡ್ಡಪ್ಪ ಕಿಟಕಿಯಿಂದ. ಅವರಿಗೆ ತಡೆಯಲಾಗಲಿಲ್ಲ ಎಂದು ಕಾಣುತ್ತದೆ. “ಏಳಾಗ್ಬೇಕು ಕಣಮ್ಮ.”

ಮಕ್ಕಳೆಲ್ಲ ಎದ್ದು ನಿಂತರು. ತನುಜಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಹರಿತಾ ಮಾತ್ರ ಸೊಂಟದ ಮೇಲೆ ಕೈ ಇಟ್ಟುಕೊಂಡು, “ಎಂಟೇ! ನಾನೂ ಬಸ್ಸಲ್ಲೇ ಇದೀನಲ್ಲ ತಾತ!” ಎಂದಳು.

ದೊಡ್ಡಪ್ಪನ ಹೊಟ್ಟೆ ಕುಲುಕಿತು, ಆಮೇಲೆ ನಗು ಹೊರಗೆ ಬಂತು. “ಇಷ್ಟು ವರ್ಷ ಕಂಡಕ್ಟರ್ ಆಗಿ ನನ್ನನ್ನ ನಾನು ಎಣಿಸಿಕೊಂಡಿಲ್ಲ ನೋಡು” ಎಂದು ಅಮ್ಮನಿಗೆ ಹೇಳಿದರು. ತನುಜಕ್ಕ ಒಳಗೆ ಹರಿತಾಳನ್ನು, ಟಿಕೆಟ್ ತಗೊಂಡವರು ಎಷ್ಟು, ತಗೊಳ್ಳದವರು ಎಷ್ಟು ಎಂದು ಕೇಳಲು ಶುರುಮಾಡಿದ್ದಳು. ದೊಡ್ಡಪ್ಪ ಊಟದ ಬೆಲ್ಲು ಹೊಡೆಯುವವರೆಗೂ ಕಿಟಕಿ ಬಿಟ್ಟು ಕದಲಲಿಲ್ಲ.

ಅವರು ಒಪ್ಪಿದೆ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಅಂದು ಸಾಯಂಕಾಲ ಅಜ್ಜಿಯ ಪಕ್ಕ ಕೂತು, “ಅವ್ವಾ, ಒಂದನೇ ಕ್ಲಾಸಿಗೆ ಅಂತಲೇ ಒಂದು ಡಿಗ್ರಿ ಮಾಡಿದಾರಂತೆ ಕಣವ್ವ. ನಾಲ್ಕು ವರ್ಷ ಓದ್ಬೇಕಂತೆ” ಎಂದರು.

“ನಾಲ್ಕು ವರ್ಷ ಸಾಕಾ?” ಎಂದಳು ಅಜ್ಜಿ. “ಮಕ್ಕಳನ್ನ ನೋಡ್ಕೊಳ್ಳೋದು ಅಂದ್ರೆ ಸುಮ್ನೆ ಅಂದ್ಕೊಂಡ್ಯಾ?”

ದೊಡ್ಡಪ್ಪ ಆಮೇಲೆ ಮಗಳ ಕಡೆ ತಿರುಗಿ, ಆ ಪರೀಕ್ಷೆಗೆ ಏನೇನು ಓದಬೇಕು ಎಂದು ಕೇಳಿದರು. ಎಷ್ಟೋ ದಿನದ ಮೇಲೆ ಗೋಡೆಗೆ ಹೇಳದೆ ಅವಳನ್ನೇ ಕೇಳಿದ್ದು.

ತನುಜಕ್ಕ ಬಿ.ಎಸ್ಸಿ ಸೀಟು ಬಿಟ್ಟಿದ್ದಾಳೆ. ಮುಂದಿನ ವರ್ಷದ ಪರೀಕ್ಷೆಗೆ ಓದುತ್ತಿದ್ದಾಳೆ. ಬದಲಿ ಟೀಚರ್ ಬಂದಿದ್ದಾರೆ. ಆದರೂ ಅವರನ್ನು ಕೇಳಿಕೊಂಡು ಬೆಳಿಗ್ಗೆ ಸ್ವಲ್ಪ ಹೊತ್ತು ಒಂದನೇ ಕ್ಲಾಸಿನವರ ಜೊತೆ ಕೂರುತ್ತಾಳೆ. ಪರೀಕ್ಷೆಯಲ್ಲಿ ಏನಾಗುತ್ತದೋ ಗೊತ್ತಿಲ್ಲ. ಎರ್ರಪ್ಪ ತಾತ ಇನ್ನೂ ಅವಳನ್ನು ಅ ಆ ಇ ಈ ಟೀಚರ್ ಎಂದೇ ಕರೆಯುತ್ತಾರೆ. ಅವಳು ಹೂಂ ತಾತ ಎನ್ನುತ್ತಾಳೆ.

ಇದನ್ನೆಲ್ಲ ನೋಡಿದ ಮೇಲೆ ನನಗೂ ಒಂದು ಪ್ರಶ್ನೆ ಹುಟ್ಟಿದೆ. ಎದ್ದು ನಿಂತು ಮಾತಾಡಲಾಗದ ಮಗು ಯಾವ ಮಾತಿನ ಹತ್ತಿರ ತಡವರಿಸುತ್ತದೆ, ಅದಕ್ಕೆ ಯಾರಾದರೂ ಏನಾದರೂ ಕಂಡುಹಿಡಿದಿದ್ದಾರೆಯೇ ಎಂದು. ತನುಜಕ್ಕನನ್ನು ಕೇಳಿದೆ. ಗೊತ್ತಿಲ್ಲ, ನೀನೇ ಓದಿ ಹೇಳು ಎಂದಳು. ನಾಳೆ ಬೆಳಿಗ್ಗೆ ತರಕಾರಿ ಹೆಚ್ಚುವ ಮೊದಲು ಚೆನ್ನರಾಯಪ್ಪ ಮೇಷ್ಟ್ರ ಹತ್ತಿರ ಹೋಗಿ, ಒಂಬತ್ತಕ್ಕೆ ಬಿಟ್ಟವರು ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂರಲು ಏನು ಮಾಡಬೇಕು ಎಂದು ಕೇಳುತ್ತೇನೆ.